ಕಂಬಳಿ ಕಟ್ಟಿ ಮಾಡಿದ ಬಿಸಿಲು

"ನೋಡ್ತಾ ಇರು, ಆ ಶಾಲೆಯೋರು ನಿನ್ನ ಪಾಠ ಕೇಳೋದಕ್ಕೂ ಮೊದ್ಲು ನನ್ನ ಬೆಳಕು ನೋಡಿ ಕೆಲಸ ಕೊಡ್ಬೇಕು!" ಎಂದು ಲೈಟ್ ಮಾಸ್ಟರರು ಎದೆ ತಟ್ಟಿಕೊಂಡರು.

ಅವರೇನು ಸಾಮಾನ್ಯರೇ! ಸಿನಿಮಾ ಸೆಟ್ಟುಗಳಲ್ಲಿ ಮಿಂಚು, ಬೆಳದಿಂಗಳುಗಳನ್ನೆಲ್ಲ ಸ್ವಿಚ್ಚು ಒತ್ತಿ ಕರೆಸಿದ ಮಹಾಶಯರು. ಹೆಂಡತಿಗೆ ಬೇಕಾಗಿದ್ದುದು ಇಷ್ಟೇ: ಅಂಗಿಗೆ ತೋಳು ಕೂರಿಸುವುದನ್ನು ಹೇಳಿಕೊಡುವ ಒಂದು ಪುಟ್ಟ ವಿಡಿಯೋ. ಸಂಜೆ ಐದರೊಳಗೆ ಕಳಿಸಿದರೆ ಹೊಲಿಗೆ ಶಾಲೆಯಲ್ಲಿ ಟೀಚರ್ ಕೆಲಸ ಸಿಗಬಹುದು. ತಪ್ಪಿದರೆ ಮುಂದಿನ ವರ್ಷದ ಮಾತು. ಆ ಕೆಲಸವೆಂದರೆ ಆಕೆಗೆ ಪ್ರಾಣ.

ಮಾಸ್ಟರರು ಮೊಟ್ಟಮೊದಲು ಮಾಡಿದ್ದೇನು? ಕಿಟಕಿಗಳಿಗೆಲ್ಲ ಹೊರಗಿನಿಂದ ಕಂಬಳಿ ಕಟ್ಟಿದ್ದು!

"ಇದೇನ್ರೀ ಇದು! ಬಿಸಿಲು ಎಷ್ಟು ಚೆನ್ನಾಗಿ ಬರ್ತಿತ್ತು!"

"ಸೂರ್ಯನ್ನ ನಂಬಿ ಯಾರಾದ್ರೂ ಶೂಟಿಂಗ್ ಮಾಡ್ತಾರೇನೇ? ಒಂದು ಕಡೆ ನಿಲ್ಲೋ ಆಸಾಮಿನಾ ಅವನು? ಮೊದ್ಲು ಕತ್ತಲೆ ಮಾಡ್ಬೇಕು. ಆಮೇಲೆ ನಮ್ಮ ಬಿಸಿಲು ನಾವೇ ಮಾಡ್ಕೋಬೇಕು."

"ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತು!"

ಲೈಟು ಹೊಂದಿಸುವಾಗ ನಾಯಕಿ ಕೂರುವ ಪದ್ಧತಿಯಿಲ್ಲವಂತೆ. ಆಕೆಯ ಜಾಗದಲ್ಲಿ ಇನ್ನೊಬ್ಬರು ಕೂರಬೇಕಂತೆ. ಸಿಕ್ಕಿದ್ದು ಅತ್ತೆ. ಅವರ ಮುಖಕ್ಕೊಂದು ದೀಪ, ನೆರಳು ತಿಳಿಯಾಗಿಸಲು ಬಿಳಿ ಥರ್ಮೋಕೋಲ್ ಹಲಗೆ, ಕೂದಲು ಹೊಳೆಯಲು ಬೆನ್ನ ಹಿಂದೊಂದು ದೀಪ.

"ಅಳಿಯಂದಿರೇ, ನಾನು ಪೂರ್ತಿ ಬೆಂದ ಮೇಲೆ ಇಳಿಸ್ತೀರೋ ಹೇಗೆ?"

"ಒಂದೇ ನಿಮಿಷ ಅತ್ತೆ, ಮೂಗಿನ ನೆರಳು ಕೆನ್ನೆ ಮೇಲೆ ಕೂತಿದೆ."

ಆ ಒಂದು ನಿಮಿಷ ಮಧ್ಯಾಹ್ನವನ್ನೆಲ್ಲ ನುಂಗಿತು. ನಾಲ್ಕೂವರೆಗೆ ಮಾಸ್ಟರರಿಗೆ ಹೊಸ ಹುಕಿ ಬಂತು.

"ಬಿಸಿಲುಕೋಲು ಕಾಣ್ಬೇಕಾದ್ರೆ ಹೊಗೆ ಬೇಕು!"

ಅತ್ತೆಯ ಬಾಣಲೆಗೆ ಹಳೇ ಬಟ್ಟೆ ತುರುಕಿ ಕಡ್ಡಿ ಗೀರಿದರು. ಹೊಗೆಯೆದ್ದಿತು. ಕೊನೆಗೆ ತಮ್ಮ ಮಹಾಸೂರ್ಯನ, ಅಂದರೆ ಕಿಟಕಿ ಪಕ್ಕದ ದೊಡ್ಡ ದೀಪದ, ಸ್ವಿಚ್ಚು ಒತ್ತಿದರು. ಟಪ್! ಫ್ಯೂಸ್ ಹೋಗಿ ಮನೆಯೆಲ್ಲ ಕಗ್ಗತ್ತಲೆ!

"ನನ್ನ ಕೆಲಸಕ್ಕೆ ಕಲ್ಲು ಹಾಕಿಬಿಟ್ರಲ್ಲ!" ಹೆಂಡತಿಗೆ ಅಳುವೇ ಬಂತು. ಅತ್ತೆ ಕೆಮ್ಮಿದರು. ಮಾಸ್ಟರರು ತಡಕಾಡುತ್ತ ಹೋಗಿ ಕಿಟಕಿಯ ಚೌಕಟ್ಟಿಗೆ ಹಣೆ ಚಚ್ಚಿಕೊಂಡರು.

ಅಷ್ಟರಲ್ಲಿ ಎದುರುಮನೆಯ ಬೇಕರಿಯವನಿಗೆ ಕಂಬಳಿ ಸಂದಿಯಿಂದ ಬರುತ್ತಿದ್ದ ಹೊಗೆ ಕಂಡಿತು. "ಅಯ್ಯಯ್ಯೋ, ಬೆಂಕಿ!" ಎನ್ನುತ್ತ ಓಡಿಬಂದವನೇ ಕಂಬಳಿ ಕಿತ್ತೆಸೆದು ಒಂದು ಬಕೆಟ್ ನೀರು ಎರಚಿದ. ಒಂದು ಹನಿಯೂ ಪೋಲಾಗಲಿಲ್ಲ, ಅಷ್ಟೂ ಮಾಸ್ಟರರ ತಲೆಗೇ ಬಿತ್ತು.

ಕಿಟಕಿಯಿಂದ ಇಳಿಬಿಸಿಲು ನುಗ್ಗಿ, ಹೊಗೆಯಲ್ಲಿ ಓರೆಯಾಗಿ ಹಾದು, ನೇರ ಹೊಲಿಗೆ ಮೆಷಿನ್ ಮೇಲೆ ಬಂದು ಕೂತಿತು. ಹೆಂಡತಿ ಕಣ್ಣೊರೆಸಿಕೊಂಡು ಎದ್ದಳು.

"ಅಮ್ಮಾ, ನೀನೇಳು. ರೀ, ಫೋನ್ ಹಿಡ್ಕೊಳ್ಳಿ. ಅಲ್ಲಾಡ್ಬೇಡಿ. ಮಾತಂತೂ ಆಡ್ಲೇಬೇಡಿ!"

ತೊಟ್ಟಿಕ್ಕುತ್ತ ನಿಂತ ಮಾಸ್ಟರರು ಉಸಿರು ಬಿಗಿಹಿಡಿದು ಶೂಟ್ ಮಾಡಿದರು. ಐದಕ್ಕೆ ಸರಿಯಾಗಿ ವಿಡಿಯೋ ಹೋಯಿತು.

ಮರುದಿನ ಉತ್ತರ ಬಂತು. "ಕೆಲಸ ನಿಮ್ಮದೇ. ಅಂದಹಾಗೆ, ಆ ಬೆಳಕು ಅದ್ಭುತ! ಮಾಡಿದವರು ಯಾರು? ನಮ್ಮ ವಿಡಿಯೋಗಳಿಗೂ ಅವರು ಬೇಕಿತ್ತು."

ಮಾಸ್ಟರರು ಹಣೆಯ ಬುಗುಟು ಮರೆತು ಮೀಸೆ ತಿರುವಿದರು. "ನಾನು ಹೇಳಿರ್ಲಿಲ್ವಾ? ಬರಿ, ಬರಿ!"

ಹೆಂಡತಿ ಬರೆದಳು. ಮಾಸ್ಟರರು ಹೆಗಲ ಮೇಲಿಂದ ಬಗ್ಗಿ ಓದಿದರು.

"ಅವರು ದಿನಾ ಬೆಳಿಗ್ಗೆ ತಾವೇ ಬಂದು ಸಂಜೆ ತಾವೇ ಹೋಗುತ್ತಾರೆ, ಕರೆಯುವುದೇ ಬೇಡ. ಅವರಿಗೆ ಅಡ್ಡ ಕಂಬಳಿ ಕಟ್ಟುವವರು ಮಾತ್ರ ನಮ್ಮ ಮನೆಯಲ್ಲೊಬ್ಬರಿದ್ದಾರೆ. ಬೇಕಿದ್ದರೆ ಕಳಿಸಿಕೊಡುತ್ತೇನೆ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಆ ಸುಟ್ಟ ಬಾಣಲೆನೂ ಜೊತೆಗೆ ಕಳಿಸೇ!"