ಐರಾಣಿ ಮುಂದೆ ನನ್ನ ಕರಡಿ ಮಜಲು

ನನಗೆ ಬಾರದ ಕಲೆಯೇ ಇರಲಿಲ್ಲ. ಬನಹಟ್ಟಿಯಲ್ಲಿ ನೂಲಿನ ಅಂಗಡಿ ನಡೆಸುತ್ತಲೇ ಭಜನೆಗೆ ಹೋಗಿ ಹಾರ್ಮೋನಿಯಂ ಪೇಟಿ, ತಬಲಾ ಕಲಿತೆ, ಬೀರಪ್ಪನ ಗುಡಿಯಲ್ಲಿ ಡೊಳ್ಳು ಹೊತ್ತೆ, ಬಯಲಾಟದಲ್ಲಿ ಮಂತ್ರಿಯಾದೆ. ಕೊನೆಗೆ ಕರಡಿ ಮಜಲಿನ ಮೇಳ ಸೇರಿ ಕರಡಿ ಎಂಬ ಆ ಚರ್ಮವಾದ್ಯಕ್ಕೂ ಕೈ ಹಚ್ಚಿದೆ. ಎಲ್ಲರೂ ಹೊಗಳುತ್ತಿದ್ದರು. ಅವರ ಚಹಾದ ದುಡ್ಡು ನನ್ನ ಅಂಗಡಿಯಿಂದ ಹೋಗುತ್ತಿತ್ತು ಎಂಬುದು ಬೇರೆ ಮಾತು.

ಹೆಂಡತಿ ಗಂಗವ್ವ ಮಾತ್ರ ಒಪ್ಪಲಿಲ್ಲ. “ಒಂದರಾಗರೆ ಗಟ್ಟಿ ನಿಲ್ರಿ. ಎಲ್ಲಾದರಾಗೂ ಬಾಗಲದಾಗ ನಿಂತು ಬರ್ತೀರಿ,” ಎಂದಳು. ಕಲಾವಿದರ ಮನೆಯವರಿಗೆ ಕಲೆ ತಿಳಿಯುವುದಿಲ್ಲವೆಂದು ಉದಾರವಾಗಿ ಕ್ಷಮಿಸಿದೆ.

ಮಗಳು ಸುಮಾಳ ಮದುವೆ ಬಂತು. ಮುಧೋಳದ ಬೀಗರ ಮುಂದೆ ಅವಳು, ನಮ್ಮಪ್ಪ ದೊಡ್ಡ ಕಲಾವಿದ ಎಂದು ಹೇಳಿಬಿಟ್ಟಿದ್ದಳು. ಅವಳ ಆಸೆ ಒಂದೇ: ಐರಾಣಿ ತರುವಾಗ ನಾನೇ ಕರಡಿ ಬಾರಿಸಬೇಕು. ಕುಂಬಾರರ ಮನೆಯಿಂದ ಬಣ್ಣದ ಗಡಿಗೆಗಳನ್ನು ಮುತ್ತೈದೆಯರು ತಲೆಯ ಮೇಲೆ ಹೊತ್ತು ತರುವ ಶಾಸ್ತ್ರ ಅದು. ದೇವರ ಮನೆ ಸೇರುವವರೆಗೆ ಗಡಿಗೆ ನೆಲಕ್ಕೆ ತಾಗಬಾರದು. ಮಗಳ ಮಾನ ನನ್ನ ಕೈಯಲ್ಲಿತ್ತು.

ಬಜಾರದವರೆಗೆ ಎಲ್ಲ ಸುಸೂತ್ರ. ಬೀಗರು ನಿಂತು ನೋಡುತ್ತಿರುವುದು ಕಂಡು ಹುರುಪು ಬಂತು. ಆ ಹುರುಪಿನಲ್ಲಿ ಕರಡಿಯ ಪೆಟ್ಟು ಮುಗಿಯಿತು. ಅಂದರೆ, ನಾನು ಕಲಿತಷ್ಟು ಮುಗಿಯಿತು. ಕೈ ತಾನಾಗಿಯೇ ಡೊಳ್ಳಿನ ಪೆಟ್ಟಿಗೆ ಜಾರಿತು. ಸನಾದಿ ಊದುವವನು ಊದುವುದನ್ನೇ ಬಿಟ್ಟು ನನ್ನ ಮುಖ ನೋಡಿದ. ಗಾಬರಿಯಲ್ಲಿ, ನನಗೆ ಪೂರ್ತಿ ಬರುತ್ತಿದ್ದ ಒಂದೇ ಒಂದು ಪೆಟ್ಟನ್ನು ಹಿಡಿದೆ.

ಅದು ಭಜನೆಯ ಮಂಗಳಾರತಿಯದು!

ಮುತ್ತೈದೆಯರ ತಲೆಯ ಮೇಲೆ ಭಾರ, ಕಣ್ಣಿನವರೆಗೆ ಸೆರಗು. ಅವರು ನಡೆಯುತ್ತಿದ್ದುದೇ ವಾದ್ಯದ ಸದ್ದು ಹಿಡಿದು. ಆರತಿಯಾಯಿತು, ಮನೆ ಬಂತು ಎಂದುಕೊಂಡು ಎಲ್ಲರೂ ಐರಾಣಿ ಇಳಿಸಿ ಭಕ್ತಿಯಿಂದ ಕೈ ಮುಗಿದರು. ಎದುರಿಗೆ ಇದ್ದದ್ದು ಪಂಕ್ಚರ್ ಅಂಗಡಿ. ಅಂಗಡಿಯವನೂ ಟ್ಯೂಬು ಕೆಳಗಿಟ್ಟು ಕೈ ಮುಗಿದ.

ನೆಲ ಮುಟ್ಟಿದ ಐರಾಣಿ ನಡೆಯುವುದಿಲ್ಲ ಎಂದರು ಹಿರಿಯರು. ಕುಂಬಾರರು ಬೇರೆ ಗಡಿಗೆಗಳಿಗೆ ಬಣ್ಣ ಬಳಿದರು. ಹಸಿ ಬಣ್ಣ ಮುತ್ತೈದೆಯರ ಹಣೆಗೆಲ್ಲ ಇಳಿಯಿತು. ಮುಹೂರ್ತ ಕೂದಲೆಳೆಯಲ್ಲಿ ಸಿಕ್ಕಿತು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮಗಳ ಮುಖ ನೋಡುವ ಧೈರ್ಯವಾಗದೆ, ಕರಡಿ ಹೊತ್ತುಕೊಂಡೇ ಮೇಳದವರ ನಡುವೆ ಹೋಗಿ ಕುಳಿತೆ.

ಅಕ್ಷತೆಯ ಹೊತ್ತಿಗೆ ಬಂದಿಳಿದ ವರನ ಸೋದರತ್ತೆ ನನ್ನನ್ನು ಎಂದೂ ಕಂಡವಳಲ್ಲ. ನನ್ನತ್ತ ಬೆರಳು ಮಾಡಿ ಸುಮಾಳನ್ನು ಕೇಳಿದಳು: “ಹಾದ್ಯಾಗ ಐರಾಣಿ ಇಳಸಿದಾಂವ ಇಂವನ ಏನವಾ? ಯಾರಂವ?”

ಸುಮಾ ನನ್ನನ್ನು ನೋಡಿದಳು. ಕಣ್ಣು ಕೆಂಪಾಗಿತ್ತು. “ಗೊತ್ತಿಲ್ರಿ ಅತ್ತಿ,” ಎಂದಳು. “ಮೇಳದಾಂವ ಇರಬೇಕ್ರಿ.”

ಪಕ್ಕದಲ್ಲಿದ್ದ ಮೇಳದ ಹಿರಿಯ ಗಡಬಡಿಸಿ ಎದ್ದು ನಿಂತ. “ಇಂವ ನಮ್ಮಾಂವ ಅಲ್ರೀ ಯವ್ವಾ,” ಎಂದ.

ಅವನ ಮಾತು ಸುಳ್ಳಲ್ಲ. ಊರಿನ ಯಾವ ಮೇಳದವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.