ನನ್ನ ಪುಕ್ಕಟೆ ಪ್ರೋಗ್ರಾಮಿಗೆ ಬಂದ ಆಯ

ಏನಾದರೂ ಪುಕ್ಕಟೆ ಕೊಟ್ಟು ನೋಡಿ, ತಮಾಷೆಗೆ ಕೊರತೆಯೇ ಇರುವುದಿಲ್ಲ. ಬಿಲ್ಲಿನ ಮೊತ್ತವನ್ನು ಕನ್ನಡ ಅಕ್ಷರದಲ್ಲಿ ಬರೆಯುವ ಪುಟ್ಟ ಪ್ರೋಗ್ರಾಮು ಮಾಡಿ, ಯಾರು ಬೇಕಾದರೂ ಬಳಸಲಿ ಎಂದು ಅಂತರ್ಜಾಲಕ್ಕೆ ಬಿಟ್ಟಿದ್ದೆ. ಬಿಲ್ ಸಾಫ್ಟ್‌ವೇರ್ ಮಾರುವವರೆಲ್ಲ ಅದನ್ನು ತಮ್ಮದರೊಳಗೆ ಸೇರಿಸಿಕೊಂಡರು. ಕೊಪ್ಪಳದ ನನ್ನ ಕಂಪ್ಯೂಟರ್ ಅಂಗಡಿ ಬಿಟ್ಟು ಅದರ ರಿಪೇರಿಗೇ ಕೂರುವಂತಾಯಿತು.

"ಅದರಿಂದ ಮನಿ ನಡೀಬೇಕು, ಇಲ್ಲಾ ಅದನ್ನ ಮುಚ್ಚಬೇಕು" ಎಂದಳು ಹೆಂಡತಿ.

ಕುಷ್ಟಗಿಯ ಫೋನು

ಕಿರಾಣಿ ಅಂಗಡಿಯವರೊಬ್ಬರು ಫೋನು ಹಚ್ಚಿದರು. "ಬಿಲ್ಲಿನಾಗ ಅಕ್ಷರ ಬರವಲ್ದುರಿ."

"ಸಾಫ್ಟ್‌ವೇರ್ ಮಾರಿದವರಿಗೆ ಕೇಳ್ರಿ."

"ಅವರು ರೊಕ್ಕಾ ಇಸಗೊಂಡ ದೊಡ್ಡ ಮಂದಿರಿ. ಇಷ್ಟಕ್ಕ ಅವರಿಗ್ಯಾಕ ತ್ರಾಸು ಅಂತ ನಿಮಗ ಹಚ್ಚೀನಿ!"

ಯಲಬುರ್ಗಾದ ಗಿರಾಕಿ

ಬಳಸುವವರು ಕೈಲಾದಷ್ಟು ಕೊಡಿ ಎಂದು ಬರೆದು ಹಾಕಿದೆ. ಯಲಬುರ್ಗಾದ ಅಡತಿ ವ್ಯಾಪಾರಿಯೊಬ್ಬರು ಅಂಗಡಿಗೇ ಬಂದರು. ಖುಷಿಯಾಗಿ ಚಹಾ ತರಿಸಿದೆ.

"ಉಳಿದವರು ಎಷ್ಟು ಕೊಟ್ಟಾರ್ರಿ?"

"ಇನ್ನೂ ಯಾರೂ ಕೊಟ್ಟಿಲ್ಲರಿ."

"ಹಂಗಾರ ನಂದೂ ಅಷ್ಟ ಹಿಡೀರಿ. ಮಂದಿಗಿಂತ ಕಮ್ಮಿ ಕೊಡೋ ಮನಶ್ಯಾ ನಾ ಅಲ್ಲ" ಎಂದು ಚಹಾ ಮುಗಿಸಿ ಹೋದರು.

ಗಂಗಾವತಿಯ ಸಾವುಕಾರರು

ಕಡೆಗೆ, ಪ್ರೋಗ್ರಾಮು ಮುಚ್ಚುತ್ತೇನೆಂದು ಹೇಳಲು, ಅದನ್ನು ದಿನವೂ ಬಳಸುತ್ತಿದ್ದ ಗಂಗಾವತಿಯ ಅಕ್ಕಿ ಗಿರಣಿಗೆ ಹೋದೆ. ಗಿರಣಿಯ ಹಿರಿಯ ಸಾವುಕಾರರು ನಮ್ಮೂರು ಮರಳಿಯವರೇ.

"ನಿಮ್ಮಪ್ಪಗ ಆಯ ಕೊಟ್ಟ ಮನಿ ನಮ್ಮದು. ನಿಮ್ಮನ್ನ ಹಂಗ ಬಿಡಾಕ ಆಗತೈತೇನ್ರಿ?" ಎಂದರು.

ಬಡಿಗತನ ಮಾಡುತ್ತಿದ್ದ ಅಪ್ಪ ವರ್ಷವಿಡೀ ರೈತರ ನೇಗಿಲು, ಕುಂಟೆ ಸರಿಮಾಡಿ ಯಾರನ್ನೂ ಕಾಸು ಕೇಳಿದವನಲ್ಲ. ಸುಗ್ಗಿಯಲ್ಲಿ ಭತ್ತ ಕಣ ದಾಟುವ ಮೊದಲೇ ಅವನ ಪಾಲಿನ ಆಯ ಅಳೆದು ಕೊಡುತ್ತಿದ್ದರು. ಆ ಹೊಸ ಭತ್ತದ ವಾಸನೆ, ಅಪ್ಪ ಚೀಲದ ಬಾಯಿ ಹಿಡಿದು ನಿಲ್ಲುತ್ತಿದ್ದ ರೀತಿ ನೆನಪಾದವು.

ನನಗೂ ಆಯ ಕೊಡಬೇಕೆಂದು ಸಾವುಕಾರರು ಉಳಿದ ಗಿರಣಿಯವರಿಗೂ ಹೇಳಿದರು. ಸುಗ್ಗಿಗೊಮ್ಮೆ ಎಲ್ಲರಿಂದಲೂ ಅಕ್ಕಿ ಬರತೊಡಗಿತು. ಉಂಡು ಮಿಕ್ಕಿದ್ದನ್ನು ಮಾರಿದೆವು. ಹೆಂಡತಿ ಮುಚ್ಚುವ ಮಾತು ಬಿಟ್ಟಳು.

ಮುಂದಿನ ವರ್ಷ ಸಾವುಕಾರರ ಫೋನು ಬಂತು. "ಮೊಮ್ಮಗಳ ಮದುವಿ ಐತ್ರಿ. ಹಂದರಗಂಬ ತರ್ರಿ. ಆಯ ಒಯ್ಯೋ ಬಡಿಗ್ಯಾರ ತರೋದು ಪದ್ಧತಿ."

"ಸಾವುಕಾರ್ರ, ನನಗ ಉಳಿ ಹಿಡಿಯಾಕೂ ಬರಂಗಿಲ್ಲ!"

"ಆಯ ಒಯ್ದೀರಲ್ಲ?"

ಬೇರೆ ದಾರಿಯಿರಲಿಲ್ಲ. ಉಳಿ ಕೊಂಡು, ವಿಡಿಯೋ ನೋಡಿ ಕೆತ್ತಿ, ಕಂಬವನ್ನು ಟಂಟಂ ಆಟೋದಲ್ಲಿ ಒಯ್ದು ನಿಲ್ಲಿಸಿದೆ. ಮುತ್ತೈದೆಯರು ಕಂಬಕ್ಕೂ ನನಗೂ ಅರಿಶಿನ ಕುಂಕುಮ ಹಚ್ಚಿದರು. ಸಾವುಕಾರರು ಒಂದು ಸುತ್ತು ಬಂದು, ತಲೆ ಓರೆಮಾಡಿ ನೋಡಿದರು.

"ಭಾಳ ಛಲೋ ಆಗೈತ್ರಿ. ಸ್ವಲ್ಪ ಸೊಟ್ಟ ಐತಿ, ಅಷ್ಟ. ಇದಕ್ಕ ಅಪ್‌ಡೇಟ್ ಯಾವಾಗ ಬಿಡ್ತೀರಿ?"