ಅತ್ತೆ ಎಲೆ ಮುಚ್ಚಿಟ್ಟ ಯಂತ್ರ

ನನ್ನ ಸೋದರತ್ತೆಯ ಬಾಯಿಂದ ಒಂದೇ ಸಲಕ್ಕೆ ಪೂರ್ತಿ ನಿಜ ಹೊರಡಿಸಿದವರು ಅಂಕೋಲಾ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಸುಳ್ಳು ಹೇಳುತ್ತಾರೆಂದಲ್ಲ, ಶಿವ ಶಿವಾ! ಬೇಲೆಕೇರಿಯಿಂದ ಮೀನು ತಂದು ಮಾರುವವರು ಅವರು. ಬುಟ್ಟಿಯ ಮೇಲೆ ಅಗ್ಗದ ಬಂಗಡೆ. ತಳದಲ್ಲಿ, ಎಲೆಯಡಿ, ದುಬಾರಿ ಇಸ್ವಾಣ ಮೀನು. ಬೇಕಾದ ಗಿರಾಕಿ ನಾಲ್ಕು ಸಲ ಕೇಳಿದ ಮೇಲೆಯೇ ಎಲೆ ಸರಿಯುವುದು. ಕಾಯಿಲೆಯನ್ನೂ ಹೀಗೇ ತೋರಿಸಬೇಕೆ? ಜ್ವರಕ್ಕೆಂದು ಕರೆದೊಯ್ದರೆ ಡಾಕ್ಟರಿಗೆ ಮೊಣಕಾಲು ತೋರಿಸುತ್ತಾರೆ. ಜ್ವರದ ಸುದ್ದಿ ಹೊರಬೀಳುವುದು ವಾಪಸು ಬರುವ ಬಸ್ಸಿನಲ್ಲಿ. ನನಗಂತೂ ಸಾಕಾಗಿಹೋಗಿದೆ.

ತಳದ ದೊಡ್ಡ ಇಸ್ವಾಣವೆಂದರೆ ಅವರ ಸೊಂಟದ ಯಂತ್ರ. ಮೂತ್ರ ತಡೆಯಲಾಗದೆ ಪೇಟೆಯಿಂದ ದಿನಕ್ಕೆ ಹತ್ತು ಸಲ ಓಡುತ್ತಿದ್ದವರಿಗೆ ಮುಂಬೈಯ ಡಾಕ್ಟರೊಬ್ಬರು ಸೊಂಟದ ಕೆಳಗೆ ಚರ್ಮದಡಿ ಬೆಂಕಿಪೊಟ್ಟಣದಷ್ಟು ಯಂತ್ರ ಕೂರಿಸಿ, ಅದರ ತಂತಿಯನ್ನು ನರದ ಪಕ್ಕಕ್ಕೆ ಬಿಟ್ಟಿದ್ದರು. ಅದು ನರವನ್ನು ಮೆಲ್ಲಗೆ ತಟ್ಟುತ್ತಿರುತ್ತದೆ. ಇದು ಗೊತ್ತಿದ್ದದ್ದು ಜೊತೆಗೆ ಹೋಗಿದ್ದ ನನಗೊಬ್ಬಳಿಗೇ. ಯಂತ್ರದ ರಿಮೋಟು ಎಲೆಯಡಿಕೆ ಚೀಲದಲ್ಲಿ. ಸುಣ್ಣ ಹುಡುಕಿದ ಪಕ್ಕದ ಮನೆಯವಳ ಕೈಗೆ ಅದು ಸಿಕ್ಕಾಗ ಟೀವಿಯದು ಎಂದರಂತೆ. ಅತ್ತೆಯ ಮನೆಯಲ್ಲಿ ಟೀವಿಯೇ ಇರಲಿಲ್ಲ!

ಆಮೇಲೆ ಗರ್ಭಕೋಶದಲ್ಲಿ ಗಡ್ಡೆ ಬೆಳೆಯಿತು. ಗರ್ಭಕೋಶ ತೆಗೆಸಲು ಕಾರವಾರಕ್ಕೆ ಹೋದೆವು. ಮೈಯಲ್ಲಿ ಮೊದಲೇನಾದರೂ ಕೂರಿಸಿದ್ದಾರೆಯೇ ಎಂದು ಡಾಕ್ಟರಬಾಯಿ ಕೇಳಿದರು.

"ಎಂತದೂ ಇಲ್ಲ," ಎಂದರು ಅತ್ತೆ, ಮೇಜಿನ ಕೆಳಗೆ ನನ್ನ ತೊಡೆ ಚಿವುಟುತ್ತ.

ಆಪರೇಶನ್ನಿನಲ್ಲಿ ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುತ್ತಾರೆ. ಆ ಕರೆಂಟು ತಂತಿ ಹಿಡಿದು ಹೋದರೆ ನರವೇ ಸುಟ್ಟು ಕಾಲೂ ಬಿದ್ದುಹೋದೀತೆಂದು ಮುಂಬೈಯಲ್ಲಿ ಎಚ್ಚರಿಸಿದ್ದರು. ಚಿವುಟಿಸಿಕೊಂಡೇ ಎಲ್ಲ ಹೇಳಿಬಿಟ್ಟೆ. ಡಾಕ್ಟರಬಾಯಿ ಮುಂಬೈಗೆ ಫೋನು ಹಚ್ಚಿ ವಿಚಾರಿಸಿದರು. ಯಂತ್ರ ಮೊದಲೇ ಬಂದ್ ಮಾಡುವುದು, ಕರೆಂಟು ಎರಡು ತುದಿಗಳ ನಡುವೆಯೇ ಉಳಿಯುವಂಥ ಚಿಮಟ ಬಳಸುವುದು, ಮುಗಿದ ಮೇಲೆ ಪರೀಕ್ಷಿಸಿ ಚಾಲೂ ಮಾಡುವುದು ಎಂದು ತೀರ್ಮಾನವಾಯಿತು. ಊರಿಗೆ ಮರಳುವಾಗ, ಅದಿರಿನ ಲಾರಿಗಳ ಹಿಂದೆ ತೆವಳಿದ ಬಸ್ಸಿನಲ್ಲಿ, ಅತ್ತೆ ನನ್ನ ಪಕ್ಕದ ಸೀಟು ಬಿಟ್ಟು ಬೇರೆ ಕಡೆ ಕೂತರು.

ಆಪರೇಶನ್ನಿನ ಬೆಳಿಗ್ಗೆ ಯಂತ್ರ ಬಂದ್ ಮಾಡಲು ರಿಮೋಟು ಕೇಳಿದರೆ ಅತ್ತೆ ಕೊಡಲೊಲ್ಲರು! ನನ್ನ ತಾಳ್ಮೆ ತಪ್ಪಿತು. ಕಾಲು ಬಿದ್ದುಹೋದರೆ ಯಾರು ನೋಡಿಕೊಳ್ಳಬೇಕೆಂದು ಗದರಿದೆ. ಅವರು ಅಕ್ಕಪಕ್ಕದ ಮಂಚಗಳನ್ನು ನೋಡಿ ದನಿ ತಗ್ಗಿಸಿದರು.

"ಬಂದ್ ಮಾಡಿದ್ರೆ ಹಾಸ್ಗೆ ಒದ್ದೆ ಆಗ್ತದೆ. ಇಲ್ಲಿ ನಮ್ಮೂರ ಹೆಂಗಸ್ರು ಇದಾರೆ. ಉಚ್ಚೆ ಹೊಯ್ಕಂಬವ್ಳ ಕೈಯಿಂದ ನಾಳೆ ಮೀನು ಯಾರು ತಕಂತಾರೆ?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ವರ್ಷ ಅವರು ಬಚ್ಚಿಟ್ಟು ಕಾಪಾಡುತ್ತಿದ್ದದ್ದು ಈ ಮಾನವೊಂದನ್ನೇ. ಮೂತ್ರಕ್ಕೆ ನಳಿಗೆ ಹಾಕಿರುತ್ತಾರೆ, ಹಾಸಿಗೆ ಒದ್ದೆಯಾಗದು ಎಂದು ನರ್ಸು ಹೇಳಿದಾಗ ರಿಮೋಟು ನನ್ನ ಅಂಗೈಗೆ ಬಂತು, ಸುಣ್ಣದ ಸಮೇತ.

ಎಲ್ಲ ಸುಸೂತ್ರವಾಯಿತು. ಮರುದಿನ ನಳಿಗೆ ತೆಗೆಯುವ ಮೊದಲೇ ಯಂತ್ರ ಪರೀಕ್ಷಿಸಿ ಚಾಲೂ ಮಾಡಿದರು. ಕಾಲೂ ಸರಿಯಿತ್ತು, ನರವೂ ಸರಿಯಿತ್ತು. ನೋವಿದೆಯೇ ಎಂದು ನರ್ಸು ಕೇಳಿದಾಗ ಅತ್ತೆ ತಲೆಯಾಡಿಸಿ ಇಲ್ಲವೆಂದರು. ಅವಳು ಅತ್ತ ಹೋದದ್ದೇ ನನ್ನ ಸೆರಗು ಹಿಡಿದು ಎಳೆದರು.

"ನೋವುಂಟು ಮಗಾ. ರಾಶಿ ಉಂಟು."

ನಾಲ್ಕು ಸಲವಿರಲಿ, ನಾನು ಒಂದು ಸಲವೂ ಕೇಳಿರಲಿಲ್ಲ.